ಹೊರಹೋಗುವ ಬಾಗಿಲಿಗೂ ಕಾವಲು
(ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸರ್ವರ್ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ‘ನೀನು ಮಾಡೋ ಕೆಲಸ ನಮಗೂ ತಿಳಿಯೋ ಹಾಗೆ ಹೇಳಪ್ಪ’ ಎಂದು ಗುರುಗಳು ಅಪ್ಪಣೆ ಕೊಟ್ಟಿದ್ದಾರೆ. ಅದರಲ್ಲಿ ಒಂದೇ ವಿಷಯ ಹೇಳುತ್ತೇನೆ: ಲಿನಕ್ಸ್ ಸರ್ವರ್‌ನಿಂದ ಫೈಲುಗಳನ್ನು ಹೊರಗೆ ಕಳಿಸುವಾಗ ಫೈರ್‌ವಾಲ್ ಹೇಗಿರಬೇಕು ಎಂಬುದು.

ಚಳ್ಳಕೆರೆಯ ಮಾರುಕಟ್ಟೆಗೆ ಶೇಂಗಾ ಲಾರಿ ಬರುವುದನ್ನು ನೀವೆಲ್ಲ ನೋಡಿದ್ದೀರಿ. ಗೇಟಿನ ಕಾವಲುಗಾರ ಒಳಗೆ ಬರುವ ಲಾರಿಯನ್ನು ಮಾತ್ರ ತಡೆದು, ಹೊರಗೆ ಹೋಗುವುದನ್ನು ಕೇಳದೇ ಬಿಟ್ಟರೆ ಗತಿಯೇನು? ಎಷ್ಟೋ ಸರ್ವರ್‌ಗಳ ಸ್ಥಿತಿ ಹಾಗೇ ಇದೆ. ಕಳ್ಳ ತಂತ್ರಾಂಶವೊಂದು ಹೇಗೋ ಒಳಹೊಕ್ಕರೆ ಮಾಹಿತಿ ಸಾಗಿಸಲು ಅದಕ್ಕೆ ಅಡ್ಡಿಯೇ ಇಲ್ಲ. ಮೊಳಕಾಲ್ಮುರಿನ ನೇಕಾರರ ಸೀರೆಯ ವಿನ್ಯಾಸ, ಎಣ್ಣೆ ಮಿಲ್ಲಿನ ಲೆಕ್ಕ, ಶಾಲಾ ಮಕ್ಕಳ ಆಧಾರ್ ಸಂಖ್ಯೆ, ಯಾವುದೇ ಇರಲಿ, ಒಮ್ಮೆ ಹೊರಬಿದ್ದರೆ ಮರಳಿ ತರಲಾಗದು.

ಆದ್ದರಿಂದ ಮೊದಲ ನಿಯಮ: ಹೊರಹೋಗುವುದೆಲ್ಲ ಬಂದ್. ಆಮೇಲೆ ಬೇಕಾದಷ್ಟನ್ನೇ ತೆರೆಯಬೇಕು. ಈಗಾಗಲೇ ಒಪ್ಪಿಗೆ ಪಡೆದ ಸಂಪರ್ಕದ ಉತ್ತರಗಳಿಗೆ ದಾರಿ ಬೇಕು. ಹೆಸರಿನಿಂದ ವಿಳಾಸ ಹುಡುಕುವ ಡಿಎನ್ಎಸ್‌ಗೆ 53ನೇ ಪೋರ್ಟ್ ಬೇಕು. ದೂರದಿಂದ ಕೆಲಸ ಮಾಡುವವರು ತಮ್ಮ ದಾರಿಯನ್ನು ಮೊದಲು ತೆರೆದಿಟ್ಟು, ಆಮೇಲೆ ಉಳಿದದ್ದನ್ನು ಮುಚ್ಚಬೇಕು. ಇಲ್ಲದಿದ್ದರೆ ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗಾಗುತ್ತದೆ.

ತೊಡಕಿರುವುದು ಎಫ್‌ಟಿಪಿಯಲ್ಲಿ. ಫೈಲು ಸಾಗಿಸುವ ಈ ಪದ್ಧತಿಯನ್ನು 1971ರಲ್ಲಿ ಮೊದಲು ಬರೆದವರು ನಮ್ಮ ದೇಶದ ಅಭಯ್ ಭೂಷಣ್. ಕಾನ್ಪುರ ಐಐಟಿಯ ಮೊದಲ ತಂಡದ ವಿದ್ಯಾರ್ಥಿ ಅವರು. ಇದರಲ್ಲಿ ಮಾತುಕತೆ ನಡೆಯುವುದು 21ನೇ ಪೋರ್ಟಿನಲ್ಲಿ. ಸರಕು ಹೋಗುವುದು ಬೇರೆ ಬಾಗಿಲಿನಲ್ಲಿ. ಆ ಬಾಗಿಲು ಯಾವುದೆಂದು ಮಾತುಕತೆಯ ನಡುವೆಯೇ ಗೊತ್ತಾಗುತ್ತದೆ. ಹೀಗಾಗಿ ಬರೀ 21ನ್ನು ತೆರೆದರೆ ಲಾಗಿನ್ ಆಗುತ್ತದೆ, ಫೈಲುಗಳ ಪಟ್ಟಿ ಮಾತ್ರ ಬರುವುದಿಲ್ಲ. ಒಂದು ಕಚೇರಿಯಲ್ಲಿ ಹೀಗೇ ನಿಂತಾಗ, ‘ಎಲ್ಲ ಓಪನ್ ಮಾಡಿಬಿಡಿ ಸಾರ್, ಕೆಲಸ ನಡೀಲಿ’ ಎಂದರು. ಕೆಲಸವೇನೋ ನಡೆಯುತ್ತಿತ್ತು, ಕಾವಲು ಹೋಗುತ್ತಿತ್ತು.

ಸರಿಯಾದ ದಾರಿ ಬೇರೆ ಇದೆ. ಮಾತುಕತೆಯನ್ನು ಕೇಳಿಸಿಕೊಂಡು, ಗೊತ್ತಾದ ಬಾಗಿಲನ್ನು ಅಷ್ಟು ಹೊತ್ತು ಮಾತ್ರ ತೆರೆಯುವ ಸಹಾಯಕ ಲಿನಕ್ಸ್‌ನಲ್ಲೇ ಇದ್ದಾನೆ. 2016ರ 4.7ನೇ ಕರ್ನಲ್‌ನಿಂದ ಈಚೆಗೆ ಅವನು ತಾನಾಗಿ ಕೆಲಸಕ್ಕೆ ಬರುವುದಿಲ್ಲ. ‘21ರ ಮಾತನ್ನು ನೀನು ಕೇಳು’ ಎಂದು ನಾವೇ ನಿಯಮ ಬರೆಯಬೇಕು. ಮಾತುಕತೆ ಗೂಢಲಿಪಿಯಲ್ಲಿದ್ದರೆ ಅವನಿಗೂ ಅರ್ಥವಾಗದು. ಅದಕ್ಕೇ ನಾನು ಎಸ್‌ಎಫ್‌ಟಿಪಿಯನ್ನೇ ಬಳಸಿ ಎನ್ನುತ್ತೇನೆ. ಅದರಲ್ಲಿ ಮಾತು, ಸರಕು ಎರಡೂ 22ನೇ ಪೋರ್ಟ್ ಒಂದರಲ್ಲೇ ಗೂಢಲಿಪಿಯಲ್ಲಿ ಹೋಗುತ್ತವೆ. ಕಾಯುವುದೂ ಸುಲಭ.

ಬಾಗಿಲು ಯಾವುದು ಎಂಬುದರ ಜೊತೆಗೆ, ಯಾರಿಗೆ ಎಂಬುದೂ ನಿಯಮದಲ್ಲಿರಬೇಕು. ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನು ನೆನೆಯಿರಿ. 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದ ಆ ಶಾಸನ ಶುರುವಾಗುವುದೇ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಎಂದು. ವಿಷಯ ಬರುವುದು ಆಮೇಲೆ. ಇಂದಿನ ಕಂಪ್ಯೂಟರ್ ಸಂದೇಶದ ತಲೆಯಲ್ಲೂ ಕಳಿಸಿದವರ, ಪಡೆಯುವವರ ವಿಳಾಸವಿರುತ್ತದೆ. ಫೈರ್‌ವಾಲ್ ಅದನ್ನು ಓದಿ, ನಾವು ಬರೆದಿಟ್ಟ ವಿಳಾಸಕ್ಕೆ ಮಾತ್ರ ಬಿಡಬಲ್ಲದು. ತಡೆದದ್ದನ್ನು ಲಾಗ್‌ನಲ್ಲಿ ಬರೆದಿಡಬಲ್ಲದು.

ಕೊನೆಗೆ ಪರೀಕ್ಷೆ. ಹೋಗಬೇಕಾದ ಕಡೆಗೆ ಒಂದು ಚಿಕ್ಕ ಫೈಲು ಕಳಿಸಿ ನೋಡಿ. ಹೋಗಬಾರದ ಕಡೆಗೂ ಕಳಿಸಿ, ಅದು ನಿಲ್ಲುತ್ತದೆಯೇ ನೋಡಿ. ನಿಯಮಗಳನ್ನು ಉಳಿಸಿಡಿ, ಇಲ್ಲವಾದರೆ ಕರೆಂಟ್ ಹೋಗಿ ಬಂದ ಮೇಲೆ ಅವು ಇರುವುದಿಲ್ಲ.

ವಿದ್ಯಾರ್ಥಿಗಳೇ, ಲಿನಕ್ಸ್‌ಗೆ ದುಡ್ಡು ಕೊಡಬೇಕಿಲ್ಲ. ಹಳೆಯ ಕಂಪ್ಯೂಟರೊಂದು ಸಿಕ್ಕರೆ ಇದನ್ನೆಲ್ಲ ಇಲ್ಲೇ ಕಲಿಯಬಹುದು. ಕೆಲಸ ನಿಂತಾಗ ಎಲ್ಲ ಬಾಗಿಲು ತೆರೆಯುವವರು ಬಹಳ ಜನ ಸಿಗುತ್ತಾರೆ. ಏಕೆ ನಿಂತಿತು ಎಂದು ಹುಡುಕುವವರು ನೀವಾಗಿ.