ಮರಿ ಅನ್ನ ಬಿಟ್ಟ ದಿನವೇ ಹೊರಡಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಒಂಟಿಮನೆಗಳಲ್ಲಿ ಅಂಗಳವನ್ನೂ ತೋಟವನ್ನೂ ಕಾಯುವುದು ನಾಯಿ. ಅದರ ಮರಿಗೆ ಪಾರ್ವೋ ಎಂಬ ವೈರಸ್ ರೋಗ ತಗುಲಿದರೆ ಪ್ರತಿ ಗಂಟೆಯೂ ಮುಖ್ಯ. ಮರಿ ಮೊದಲು ಮಂಕಾಗಿ ಅನ್ನ ಬಿಡುತ್ತದೆ; ಆಮೇಲೆ ವಾಂತಿ, ಗಬ್ಬು ನಾರುವ ಭೇದಿ, ಹಲವು ಸಲ ರಕ್ತವೂ ಇರುತ್ತದೆ. ವೈರಸ್ ಕರುಳಿನ ಒಳಪದರವನ್ನು ಹಾಳುಮಾಡಿ ಬಿಳಿ ರಕ್ತಕಣಗಳನ್ನು ಕುಗ್ಗಿಸುತ್ತದೆ. ಮೈಯ ನೀರು ಬತ್ತಿದ ಮರಿ ಎರಡು ಮೂರು ದಿನದಲ್ಲೇ ಸಾಯಬಹುದು. ವೈದ್ಯರು ಕೊಡುವ ಡ್ರಿಪ್, ವಾಂತಿ ತಡೆಯುವ ಮದ್ದು, ಆಂಟಿಬಯಾಟಿಕ್‌ಗಳು ಮರಿಯ ದೇಹ ವೈರಸ್ಸನ್ನು ಎದುರಿಸುವವರೆಗೆ ಅದನ್ನು ಉಳಿಸಿಕೊಳ್ಳುತ್ತವೆ.

ಕಷಾಯ ಕುಡಿಸಿ ನಾಳೆ ನೋಡೋಣ ಎನ್ನುವವರಿದ್ದಾರೆ. ಆದರೆ ಬಿಡದೆ ವಾಂತಿ ಮಾಡುವ ಮರಿಯ ಹೊಟ್ಟೆಯಲ್ಲಿ ಕಷಾಯ ನಿಲ್ಲದು. ಜಂತುಹುಳದಿಂದಲೂ ಭೇದಿಯಾಗುತ್ತದಲ್ಲ ಎಂಬುದು ನಿಜವೇ; ಕಣ್ಣಳತೆಯಲ್ಲಿ ವ್ಯತ್ಯಾಸ ತಿಳಿಯದ ಕಾರಣಕ್ಕೇ ಪರೀಕ್ಷೆ ಬೇಕು. ನಾಟಿ ನಾಯಿ ಗಟ್ಟಿ ಎಂಬ ನಂಬಿಕೆಯೂ ಸಾಲದು: ತಾಯಿಹಾಲಿನ ರಕ್ಷಣೆ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಪೇಟೆ ದೂರ, ಮಳೆ ಜೋರು ಎಂಬ ಕಷ್ಟ ನಮ್ಮ ಕಡೆ ಸಣ್ಣದಲ್ಲ. ಅದಕ್ಕೇ ಮುಂಜಾಗ್ರತೆ ಅಗ್ಗ. ಆರರಿಂದ ಎಂಟು ವಾರಕ್ಕೆ ಲಸಿಕೆ ಆರಂಭಿಸಿ, ಹದಿನಾರು ವಾರ ತುಂಬುವವರೆಗೆ ವೈದ್ಯರು ಹೇಳಿದಂತೆ ಮತ್ತೆ ಹಾಕಿಸಿ. ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ರೋಗಿಮರಿಯನ್ನು ಬೇರೆಯಿಡಿ, ಜಾಗವನ್ನು ಬ್ಲೀಚಿಂಗ್ ದ್ರಾವಣದಿಂದ ತೊಳೆಯಿರಿ. ಲಕ್ಷಣ ಕಂಡ ದಿನವೇ ತಾಲ್ಲೂಕು ಪಶು ಆಸ್ಪತ್ರೆಗೆ ಹೊರಡಿ.