ಮನೆಯಿಂದ ಡಿಪೊಗೆ ಎಷ್ಟು ದೂರ?



ಯಾವ ಉದ್ಯೋಗ ಹಿಡಿಯಬೇಕು ಎಂದು ನಿಮಗೆ ಸಲಹೆ ಕೊಡುವವರು ಬಹಳ ಮಂದಿ ಇದ್ದಾರೆ. ಸಿಕ್ಕ ಉದ್ಯೋಗವನ್ನು ಎಲ್ಲಿಂದ ಮಾಡಬೇಕು ಎಂದು ಹೇಳುವವರು ಕಡಿಮೆ. ಇಂದು ಈ ಎರಡನೆಯ ಪ್ರಶ್ನೆಯನ್ನು ಬೆಂಗಳೂರಿನ ಸಿಟಿ ಬಸ್ ಚಾಲಕರ ಉದಾಹರಣೆಯಿಂದ ನೋಡೋಣ.

ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ನಾವು ನಸುಕಿನ ನಾಲ್ಕೂವರೆಗೆ ಬಸ್ ಡಿಪೊ ಒಂದಕ್ಕೆ ಹೋಗಿದ್ದೆವು. ಸಾಲಾಗಿ ನಿಂತ ಬಸ್ಸುಗಳು ಒಂದೊಂದಾಗಿ ಗುಡುಗುತ್ತ ಎಚ್ಚರಗೊಳ್ಳುತ್ತಿದ್ದವು. ಚಾಲಕರೊಬ್ಬರು ಕ್ಯಾಮೆರಾ ಮುಂದೆ ಮಾತನಾಡಲು ಒಪ್ಪಿದರು. ಆದರೆ ಮಾತಿನ ನಡುವೆ ಎರಡು ಸಲ ಆಕಳಿಸಿದರು.

"ಎಷ್ಟು ಹೊತ್ತಿಗೆ ಎದ್ರಿ?" ಎಂದು ಕೇಳಿದೆ.

"ಎರಡೂ ಮುಕ್ಕಾಲಿಗೆ ಸಾರ್. ಮನೆ ಊರಿನ ಆ ತುದಿ, ಡಿಪೊ ಈ ತುದಿ."

"ಹತ್ತಿರದ ಡಿಪೊ ಕೇಳಬಹುದಿತ್ತಲ್ಲ?"

"ಕೇಳೋ ಕಾಲದಲ್ಲಿ ಕೇಳಲಿಲ್ಲ. ಇಲ್ಲಾದರೆ ಮೆಜೆಸ್ಟಿಕ್ ರೂಟು, ಹೊಸ ಗಾಡಿ ಸಿಗುತ್ತೆ ಅಂತ ಇದನ್ನೇ ಬರೆದುಕೊಟ್ಟೆ."

ಕ್ಯಾಮೆರಾ ನಿಂತ ಮೇಲೆ ಅವರು ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದರು. "ಹೋದ ತಿಂಗಳು ಸಿಗ್ನಲ್‌ನಲ್ಲಿ ಕಣ್ಣು ಮುಚ್ಚಿಹೋಗಿತ್ತು ಸಾರ್. ಹಿಂದಿನವರು ಹಾರ್ನ್ ಹೊಡೆದಾಗಲೇ ಎಚ್ಚರ. ಬಸ್ ತುಂಬ ಸ್ಕೂಲ್ ಮಕ್ಕಳಿದ್ರು." ಆ ಮಾತು ಪ್ರಸಾರವಾಗಲಿಲ್ಲ. ನನ್ನ ಮನಸ್ಸಿನಿಂದ ಹೋಗಲೂ ಇಲ್ಲ.

ಮೊದಲು ಡಿಪೊ ಎಂದರೇನು, ನೋಡೋಣ. ಹಿರಿಯರು ಇಂದಿಗೂ ಬಿ.ಟಿ.ಎಸ್. ಎಂದೇ ಕರೆಯುವ ನಗರ ಸಾರಿಗೆ 1997ರ ಆಗಸ್ಟ್ 15ರಂದು ಬಿ.ಎಂ.ಟಿ.ಸಿ. ಎಂಬ ಪ್ರತ್ಯೇಕ ಸಂಸ್ಥೆಯಾಯಿತು. ಅದರ ಬಸ್ಸುಗಳು ಶಾಂತಿನಗರ, ಜಯನಗರ, ಕೆಂಗೇರಿ, ಯಲಹಂಕ, ಹೆಣ್ಣೂರು ಹೀಗೆ ನಗರದ ಸುತ್ತಲೂ ಇರುವ ಡಿಪೊಗಳಿಂದ ಹೊರಡುತ್ತವೆ. ಕಡತದ ಭಾಷೆಯಲ್ಲಿ ಇವಕ್ಕೆ 'ಘಟಕ' ಎಂದು ಹೆಸರು. ಬಸ್ಸು ತೊಳೆಯುವುದು, ಡೀಸೆಲ್ ತುಂಬುವುದು, ರಿಪೇರಿ ಮಾಡುವುದು, ಚಾಲಕ-ನಿರ್ವಾಹಕರಿಗೆ ಡ್ಯೂಟಿ ಹಂಚುವುದು ಎಲ್ಲವೂ ಇಲ್ಲಿಯೇ.

ಡಿಪೊದಿಂದ ಮೊದಲ ನಿಲ್ದಾಣದವರೆಗೆ ಬಸ್ಸು ಪ್ರಯಾಣಿಕರಿಲ್ಲದೆ ಓಡುವ ದೂರಕ್ಕೆ 'ಡೆಡ್ ಕಿಲೋಮೀಟರ್' ಎನ್ನುತ್ತಾರೆ. ಡೀಸೆಲ್ ಖರ್ಚಾಗುತ್ತದೆ, ಟಿಕೆಟ್ ಹಣ ಬರುವುದಿಲ್ಲ. ಆದ್ದರಿಂದ ಇದನ್ನು ಕಡಿಮೆ ಮಾಡಲು ಸಾರಿಗೆ ಸಂಸ್ಥೆಗಳು ಸದಾ ಲೆಕ್ಕ ಹಾಕುತ್ತವೆ. ಚಾಲಕನಿಗೂ ಇಂಥದೇ ಒಂದು ದೂರವಿದೆ: ಮನೆಯಿಂದ ಡಿಪೊಗೆ, ಡಿಪೊದಿಂದ ಮನೆಗೆ. ಅದಕ್ಕೆ ಸಂಬಳವಿಲ್ಲ, ಲಾಗ್ ಶೀಟಿನಲ್ಲಿ ಜಾಗವಿಲ್ಲ. ಆದರೆ ಅದು ನಿದ್ದೆಯಿಂದ ಮುರಿದುಕೊಳ್ಳುತ್ತದೆ.

ಕಾನೂನು ಏನು ಹೇಳಿತ್ತು? ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಕೆಲಸದ ಮಿತಿ ಹಾಕಿತ್ತು. ಒಂದು ಡ್ಯೂಟಿಯ ಕೊನೆಗೂ ಮರುದಿನದ ಡ್ಯೂಟಿಯ ಆರಂಭಕ್ಕೂ ನಡುವೆ ಕನಿಷ್ಠ 9 ಗಂಟೆಗಳ ಬಿಡುವು ಇರಬೇಕು ಎಂದಿತ್ತು. ಮುಂದೆ 2020ರ ಕಾರ್ಮಿಕ ಸಂಹಿತೆಯೊಂದು ಈ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಒಳ್ಳೆಯ ಉದ್ದೇಶದ ನಿಯಮವೇ. ಆದರೆ ಆ 9 ಗಂಟೆಯಲ್ಲಿ ಹೋಗಿಬರಲು 2 ಗಂಟೆ, ಊಟ-ಸ್ನಾನಕ್ಕೆ 2 ಗಂಟೆ ಕಳೆಯಿರಿ. ನಿದ್ದೆಗೆ ಉಳಿಯುವುದು 5 ಗಂಟೆ. ಕಾನೂನು ಎಣಿಸುವುದು ಡಿಪೊದ ಗೇಟಿನಿಂದ ಗೇಟಿಗೆ. ದೇಹ ಎಣಿಸುವುದು ಮನೆಯ ಬಾಗಿಲಿನಿಂದ ಬಾಗಿಲಿಗೆ.

'ಬೇಗ ಮಲಗಿದರಾಯಿತು' ಎಂದು ನೀವು ಹೇಳಬಹುದು. ನಾನು ವಿಜ್ಞಾನ ಓದಿದವನು, ಈ ಮಾತನ್ನು ಸುಲಭವಾಗಿ ಒಪ್ಪಲಾರೆ. ನಮ್ಮೊಳಗೊಂದು ಜೈವಿಕ ಗಡಿಯಾರವಿದೆ. ಸಂಜೆ ಏಳೆಂಟರ ಹೊತ್ತಿಗೆ ಅದು ನಮ್ಮನ್ನು ಎಚ್ಚರವಾಗಿಯೇ ಇಡಲು ನೋಡುತ್ತದೆ. ನಸುಕಿನಲ್ಲಿ ಎಚ್ಚರದ ಮಟ್ಟವನ್ನು ತೀರ ಕೆಳಕ್ಕೆ ಇಳಿಸುತ್ತದೆ. ಎರಡೂ ಮುಕ್ಕಾಲಿಗೆ ಏಳಬೇಕಾದವರು ಸಂಜೆ ಹಾಸಿಗೆ ಹಾಸಿಕೊಂಡರೂ ನಿದ್ದೆ ಬರುವುದಿಲ್ಲ. ಅದು ಬರುವುದು ಸ್ಟೀರಿಂಗ್ ಹಿಡಿದಾಗ!

ಎರಡನೇ ಶಿಫ್ಟಿನ ಲೆಕ್ಕವನ್ನೂ ನೋಡಿ. ಡಾಸನ್ ಮತ್ತು ರೀಡ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿಗಳು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ವರದಿ ಮಾಡಿದರು. ಸತತ 17 ಗಂಟೆ ಎಚ್ಚರವಿದ್ದವರ ಕಣ್ಣು-ಕೈಗಳ ಹೊಂದಾಣಿಕೆ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವರಷ್ಟೇ ಕೆಟ್ಟಿರುತ್ತದೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 30 ಮಿಲಿಗ್ರಾಂ. ಈಗ, ಮಕ್ಕಳನ್ನು ಶಾಲೆಗೆ ಕಳುಹಿಸಲು ಬೆಳಿಗ್ಗೆ 6ಕ್ಕೆ ಎದ್ದ ಚಾಲಕರೊಬ್ಬರು ರಾತ್ರಿ ಹತ್ತೂವರೆಗೆ ಡ್ಯೂಟಿ ಮುಗಿಸಿದರು ಎನ್ನಿ. 11 ಗಂಟೆಗೆ 17 ಗಂಟೆ ತುಂಬಿತು. ಮನೆಯೂ ಡಿಪೊವೂ ಕೆಂಗೇರಿಯಲ್ಲೇ ಇದ್ದರೆ ಅಷ್ಟರಲ್ಲಿ ಅವರು ಕೈಕಾಲು ತೊಳೆದು ಊಟಕ್ಕೆ ಕುಳಿತಿರುತ್ತಾರೆ. ಡಿಪೊ ಹೆಣ್ಣೂರಿನಲ್ಲಿದ್ದರೆ, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚಿನ ಹಾದಿಯಲ್ಲಿ ಇನ್ನೂ ಬೈಕಿನ ಮೇಲಿರುತ್ತಾರೆ. ಒಂದು ತೊಟ್ಟೂ ಕುಡಿಯದೆ, ಕುಡಿದವರ ಸ್ಥಿತಿಯಲ್ಲಿ.

ಹಾಗಾದರೆ ಹತ್ತಿರದ ಡಿಪೊವೇ ಎಲ್ಲರಿಗೂ ಸರಿಯೇ? ಇಲ್ಲ. ಬೆಂಗಳೂರಿನ ಬಸ್ ಚಾಲಕರಲ್ಲಿ ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯವರು ಬಹಳ. ಹೆಂಡತಿ ಮಕ್ಕಳು ಊರಲ್ಲಿ, ತಾವಿಲ್ಲಿ ಬಾಡಿಗೆ ಕೋಣೆಯಲ್ಲಿ. ಅಂಥವರು ಯಶವಂತಪುರದ ಕಡೆ ಕೇಳಿದರೆ ಅದರಲ್ಲೂ ಅರ್ಥವಿದೆ. ವಾರದ ರಜೆಗೆ ರಜೆ ಕೂಡಿಸಿ ಊರಿನ ರೈಲು ಹತ್ತಲು ಅನುಕೂಲ. ಅವರು ಡಿಪೊ ನೋಡಿ ಕೋಣೆ ಹಿಡಿಯಬಹುದು. ಸ್ವಂತ ಮನೆಯಿರುವವರು ಮನೆ ನೋಡಿ ಡಿಪೊ ಹಿಡಿಯಬೇಕು.

ಆಯ್ಕೆ ಯಾವಾಗಲೂ ನಮ್ಮ ಕೈಯಲ್ಲಿರುವುದಿಲ್ಲ. ಎಲ್ಲಿ ಜಾಗ ಖಾಲಿ ಇದೆ, ಸೇವಾ ಹಿರಿತನ ಯಾರದು ಎಂಬ ಪ್ರಶ್ನೆಗಳು ಬಂದೇ ಬರುತ್ತವೆ. ಕೇಳುವ ಅವಕಾಶ ಸಿಕ್ಕಾಗ ಮಾತ್ರ ಸರಿಯಾದುದನ್ನು ಕೇಳಬೇಕು. ಮೊದಲ ಬಸ್ಸು ಹೊರಡುವ ಮುಂಚೆ ನಾನು ಡಿಪೊ ತಲುಪುವುದು ಹೇಗೆ? ಕೊನೆಯ ಬಸ್ಸು ಒಳಬಂದ ಮೇಲೆ ಮನೆ ಸೇರುವುದು ಹೇಗೆ? ಹಳ್ಳಿಯಲ್ಲಿ ರಾತ್ರಿ ತಂಗುವ ನೈಟ್ ಹಾಲ್ಟ್ ಡ್ಯೂಟಿ ಎಷ್ಟಿವೆ, ಮಲಗಲು ಜಾಗ ಹೇಗಿದೆ? ಅಲ್ಲಿ ಯಾವ ಬಸ್ಸುಗಳಿವೆ? ಈ ಕೊನೆಯ ಪ್ರಶ್ನೆ ಈಗ ಮುಖ್ಯ. ಗುತ್ತಿಗೆಯ ವಿದ್ಯುತ್ ಬಸ್ಸುಗಳಲ್ಲಿ ನಿರ್ವಾಹಕರು ಸಂಸ್ಥೆಯವರು, ಚಾಲಕರು ಬಸ್ಸು ಒದಗಿಸುವ ಕಂಪನಿಯವರು. ಇಂಥ ಬಸ್ಸುಗಳು ಹೆಚ್ಚುವ ಡಿಪೊದಲ್ಲಿ ಸಂಸ್ಥೆಯ ಚಾಲಕನಿಗೆ ಎಷ್ಟು ಡ್ಯೂಟಿ ಉಳಿಯುತ್ತದೆ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು. ಇದನ್ನೆಲ್ಲ ಕಚೇರಿಯಲ್ಲಿ ಕೇಳುವುದಕ್ಕಿಂತ ಡಿಪೊ ಕ್ಯಾಂಟೀನಿನಲ್ಲಿ ಒಂದು ಲೋಟ ಚಹಾ ಕುಡಿಯುತ್ತ ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ.

ಮಿತ್ರರೇ, ನಿಮ್ಮಲ್ಲಿ ಎಲ್ಲರೂ ಬಸ್ ಚಾಲಕರಾಗಲಿಕ್ಕಿಲ್ಲ. ಆದರೆ ನಾಳೆ ಆಸ್ಪತ್ರೆ, ಕಾರ್ಖಾನೆ, ಕಚೇರಿ ಎಲ್ಲಿಯೇ ಸೇರಿದರೂ ಜಾಗ ಆರಿಸುವ ಅರ್ಜಿಯೊಂದು ಮುಂದೆ ಬಂದೀತು. ಆಗ ಆ ಜಾಗದ ಹೆಸರು ನೋಡಿ ಮಾರುಹೋಗಬೇಡಿ. ಕಾಗದ ತೆಗೆದುಕೊಂಡು ಏಳುವ ಹೊತ್ತು, ಮಲಗುವ ಹೊತ್ತು ಬರೆಯಿರಿ, ಕೂಡಿ ಕಳೆಯಿರಿ. ನಿದ್ದೆಯ ಗಂಟೆ ಏಳಕ್ಕಿಂತ ಕೆಳಗೆ ಬಂದರೆ ಇನ್ನೊಮ್ಮೆ ಯೋಚಿಸಿ.

ನಾಳೆ ಬೆಳಿಗ್ಗೆ ಬಸ್ಸು ಹತ್ತಿದಾಗ ಚಾಲಕರ ಕಡೆ ಒಮ್ಮೆ ನೋಡಿ. ಅವರು ಎಷ್ಟು ಹೊತ್ತಿಗೆ ಎದ್ದಿದ್ದರು ಎಂಬುದು ನಿಮಗೂ ಸಂಬಂಧಿಸಿದ ವಿಷಯ.