ಸೈಕಲ್ ಸವಾರನ ತಲೆಗೆ ಕಾಪು

ನಮ್ಮ ಹುಡುಗ ಹೈಸ್ಕೂಲು ಸೇರಿದ ವರ್ಷ ಅವನಿಗೊಂದು ಸೈಕಲ್ ಕೊಡಿಸಿದೆವು. ಗಂಟೆ, ಸ್ಟ್ಯಾಂಡು, ಕ್ಯಾರಿಯರು, ಬೀಗ ಎಲ್ಲವನ್ನೂ ಅಂಗಡಿಯಲ್ಲಿ ನಿಂತು ಹಾಕಿಸಿದ್ದಾಯಿತು. ಮನೆಗೆ ತಂದಾಗ ಅವನ ಅಜ್ಜಿ ಒಂದೇ ಮಾತು ಕೇಳಿದರು: “ಸೈಕಲ್ಲಿಗೆ ಬೀಗ ಕೊಡಿಸಿದಿರಿ, ಸರಿ. ಮಗುವಿನ ತಲೆಗೆ ಏನು ಕೊಡಿಸಿದಿರಿ?” ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನೇ ಈ ಹೊತ್ತು ನಿಮ್ಮ ಮುಂದಿಡುತ್ತೇನೆ. ಸೈಕಲ್ ಸವಾರರು ಹೆಲ್ಮೆಟ್ ಧರಿಸಬೇಕೇ?

“ಸೈಕಲ್ಲೇನು ಮಹಾ ವೇಗದ ವಾಹನವೇ?” ಎಂದು ನೀವು ನಗಬಹುದು. ಆದರೆ ತಲೆಗೆ ಪೆಟ್ಟು ಬೀಳಲು ಸೈಕಲ್ಲಿನ ವೇಗವೇ ಬೇಕೆಂದಿಲ್ಲ. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 19 ಕಿಲೋಮೀಟರ್ ವೇಗ ಪಡೆದಿರುತ್ತದೆ. ಸವಾರನ ತಲೆ ಇರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ತಿರುವಿನ ಮರಳಿನಲ್ಲಿ ಚಕ್ರ ಜಾರಿದರೆ ಸಾಕು.

ಮರದಿಂದ ಬಿದ್ದ ತೆಂಗಿನಕಾಯಿ ಸಾಮಾನ್ಯವಾಗಿ ಒಡೆಯುವುದಿಲ್ಲ. ಸಿಪ್ಪೆ ಸುಲಿದ ಕಾಯಿಯನ್ನು ಕಲ್ಲಿಗೆ ಬಡಿದರೆ ಒಡೆಯುತ್ತದೆ. ನಾರು ತಾನು ಜಜ್ಜಿಹೋಗಿ ಒಳಗಿನ ಚಿಪ್ಪನ್ನು ಉಳಿಸುತ್ತದೆ. ಹೆಲ್ಮೆಟ್ಟಿನೊಳಗಿನ ಥರ್ಮೋಕೋಲ್ ಜಾತಿಯ ಪದರ ಮಾಡುವುದೂ ಇದೇ ಕೆಲಸ. ಒಮ್ಮೆ ಜಜ್ಜಿದ ಪದರ ಮತ್ತೆ ಮೊದಲಿನಂತಾಗದು. ಆದ್ದರಿಂದ ಬಲವಾದ ಪೆಟ್ಟು ತಿಂದ ಹೆಲ್ಮೆಟ್, ಹೊರಗೆ ಚೆನ್ನಾಗಿಯೇ ಕಂಡರೂ, ಮತ್ತೆ ಬಳಕೆಗೆ ಬಾರದು.

ಹಾಗೆಂದು ಅದು ಕರ್ಣನ ಕವಚವಲ್ಲ. ಲಾರಿಯ ಚಕ್ರದ ಮುಂದೆ ಅದರ ಆಟ ನಡೆಯದು. ಕೈಕಾಲುಗಳನ್ನು ಅದು ಕಾಯದು. ಆದರೂ ಸುಮಾರು 40 ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ಅಪಘಾತಕ್ಕೀಡಾದವರಲ್ಲಿ ಹೆಲ್ಮೆಟ್ ಧರಿಸಿದವರಿಗೆ ತಲೆಗೆ ತೀವ್ರ ಗಾಯವಾಗುವ ಸಂಭವ ಸುಮಾರು ಮೂರರಲ್ಲಿ ಎರಡು ಪಾಲು ಕಡಿಮೆ.

ಹಾಗಾದರೆ ಕಾನೂನನ್ನೇ ಮಾಡಿಬಿಡಬಾರದೇ? ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತ 1990ರ ಜುಲೈಯಲ್ಲಿ ಹಾಗೆಯೇ ಮಾಡಿತು. ಒಂದು ವರ್ಷದೊಳಗೆ ಹೆಲ್ಮೆಟ್ ಧರಿಸುವವರ ಪ್ರಮಾಣ ನೂರಕ್ಕೆ 31ರಿಂದ 75ಕ್ಕೆ ಏರಿತು. ತಲೆಯ ಗಾಯಗಳು ತಗ್ಗಿದವು. ಆದರೆ ಹದಿಹರೆಯದ ಸವಾರರ ಸಂಖ್ಯೆಯೂ ತಗ್ಗಿತು. ಹೆಲ್ಮೆಟ್ ಬೇಡವೆಂದವರು ಸೈಕಲ್ಲನ್ನೇ ಬಿಟ್ಟರು. ಹಾಲೆಂಡಿನವರು ಬೇರೆ ದಾರಿ ಹಿಡಿದರು. 1970ರ ದಶಕದಲ್ಲಿ ಮಕ್ಕಳ ಸಾವಿನಿಂದ ನೊಂದ ಜನ ಬೀದಿಗಿಳಿದರು. ಮುಂದೆ ಸೈಕಲ್ಲಿಗೆ ಪ್ರತ್ಯೇಕ ಹಾದಿಗಳಾದವು. ಅಲ್ಲಿ ಸಾಮಾನ್ಯ ಸೈಕಲ್ಲಿಗೆ ಹೆಲ್ಮೆಟ್ ಕಡ್ಡಾಯವಿಲ್ಲ.

ನಮ್ಮಲ್ಲಿ ಮೋಟಾರು ವಾಹನ ಕಾಯಿದೆಯ ಹೆಲ್ಮೆಟ್ ನಿಯಮ ಮೋಟಾರು ಬೈಕು, ಸ್ಕೂಟರುಗಳ ಸವಾರರಿಗೆ ಮಾತ್ರ. ಸೈಕಲ್ಲನ್ನೂ ಅದಕ್ಕೆ ಸೇರಿಸಿರೆಂದು ನಾನು ಹೇಳಲಾರೆ. ನಸುಕಿನಲ್ಲಿ ಹೊರಟ ಹಾಲಿನವನನ್ನೋ ಗಾರೆ ಕೆಲಸದವನನ್ನೋ ತಡೆದು ದಂಡ ಕೇಳುವುದು ನ್ಯಾಯವಲ್ಲ. ನಮ್ಮ ಸರ್ಕಾರ 2006–07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಎಷ್ಟೋ ಹುಡುಗಿಯರಿಗೆ ಸೈಕಲ್ಲೆಂದರೆ ಶಾಲೆಯ ದಾರಿ. ಆ ದಾರಿಗೆ ಅಡ್ಡಬರುವ ಕಾನೂನು ಬೇಡ.

ಆದರೆ ಕಾನೂನು ಬೇಡವೆಂದರೆ ಹೆಲ್ಮೆಟ್ ಬೇಡವೆಂದಲ್ಲ. ಕೊಳ್ಳುವ ಶಕ್ತಿಯಿದ್ದ ಮನೆಯವರು, ಮುಖ್ಯವಾಗಿ ಮಕ್ಕಳಿಗಾಗಿ, ಕೊಳ್ಳಲೇಬೇಕು. ಅದು ಹುಬ್ಬಿನಿಂದ ಎರಡು ಬೆರಳು ಮೇಲೆ, ಹಣೆಯನ್ನು ಮುಚ್ಚುವಂತೆ ಕೂರಬೇಕು. ಗಲ್ಲದ ಪಟ್ಟಿಯಲ್ಲಿ ಬೆರಳೊಂದು ತೂರುವಷ್ಟೇ ಸಡಿಲವಿರಬೇಕು. ಬೆಳೆಯುತ್ತಾನೆಂದು ದೊಡ್ಡದನ್ನು ಕೊಳ್ಳಲು ಇದು ಅಂಗಿಯಲ್ಲ.

ನಮ್ಮ ಹುಡುಗ ಮೊದಲು ಒಪ್ಪಲಿಲ್ಲ. ಗೆಳೆಯರು ನಗುತ್ತಾರೆಂದ. “ನೀವು ಮಾರ್ಕೆಟ್ಟಿಗೆ ಸೈಕಲ್ಲಿನಲ್ಲಿ ಹೋಗುವಾಗ ಹಾಕುತ್ತೀರಾ, ಅಪ್ಪ?” ಎಂದೂ ಕೇಳಿದ. ಅಂಗಡಿಗೆ ಹೋಗಿ ಎರಡು ತಂದೆ. ಈಗ ಬಾಗಿಲ ಹಿಂದಿನ ಮೊಳೆಯಲ್ಲಿ ಎರಡೂ ಪಕ್ಕಪಕ್ಕದಲ್ಲಿ ತೂಗುತ್ತವೆ. ನಾನು ಮರೆತು ಹೊರಟರೆ ಅಜ್ಜಿ ಕೂಗಿ ನೆನಪಿಸುತ್ತಾರೆ.